ಲೆಕ್ಕದ ಮುಂದೆ ಕೈ ನಡುಗುವ ಮಗು: ಭಯವೇ, ಕಲಿಕೆಯ ಕೊರತೆಯೇ?

ಬೆಣ್ಣೆನಗರಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕನ್ನಡ, ಸಮಾಜ ವಿಜ್ಞಾನಗಳಲ್ಲಿ ಚೆನ್ನಾಗಿಯೇ ಇದ್ದಾಳೆ. ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ತಪ್ಪದೆ ಹೊಟ್ಟೆನೋವು ಬರುತ್ತದೆ. ವೈದ್ಯರಿಗೆ ತೋರಿಸಿದೆವು, ದೇಹದಲ್ಲಿ ಏನೂ ತೊಂದರೆಯಿಲ್ಲ ಎಂದರು. ನಾನು ತರಕಾರಿ ಹೆಚ್ಚುತ್ತಾ ಬಾಯಿಲೆಕ್ಕ ಕೇಳಿದರೆ ಸರಿಯಾಗಿ ಹೇಳುವ ಹುಡುಗಿ, ಅದೇ ಲೆಕ್ಕವನ್ನು ಉತ್ತರಪತ್ರಿಕೆಯಲ್ಲಿ ತಪ್ಪಾಗಿ ಮಾಡಿ ಬರುತ್ತಾಳೆ. ಇನ್ನೂ ವಿಚಿತ್ರವೆಂದರೆ, ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಪತ್ರಿಕೆ ಕೊಟ್ಟು ಎದ್ದು ಬರುವವಳೂ ಇವಳೇ. ಟ್ಯೂಷನ್ನಿನವರು ಇದನ್ನು ಗಮನವಿಲ್ಲದಿರುವಿಕೆ, ಉಡಾಫೆ ಎಂದು ಹೇಳುತ್ತಾರೆ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಗಣಿತದ ಭಯದಿಂದಲೇ ನಾನು ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡವಳು. ರಾತ್ರಿ ಅವಳ ಪಕ್ಕದಲ್ಲಿ ಕುಳಿತು ಹೇಳಿಕೊಡಲು ಹೋದರೆ, ಅರ್ಧ ಗಂಟೆಯಲ್ಲಿ ನಾನು ಕೂಗಾಡುತ್ತಿರುತ್ತೇನೆ, ಅವಳು ಅಳುತ್ತಿರುತ್ತಾಳೆ. ಇದು ಭಯವೋ, ಅವಳಿಗೆ ವಿಷಯವೇ ತಲೆಗೆ ಹೋಗಿಲ್ಲವೋ ಎಂದು ತಿಳಿಯುವುದು ಹೇಗೆ? ಎಲ್ಲಿಂದ ಶುರು ಮಾಡಬೇಕು?

ಹಳೆಯ ಮೇಷ್ಟ್ರು (ಮಂಡ್ಯ):

ತಾಯಿ, ನಾನು ಪ್ರೌಢಶಾಲೆಯಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಒರಟಾಗಿ ಹೇಳಿದರೆ ಬೇಸರಿಸಬೇಡಿ. ಗಣಿತದ ಭಯವೆಂದು ಈಗಿನವರು ಕರೆಯುವುದರ ಬಹುಭಾಗ ಅಭ್ಯಾಸದ ಕೊರತೆಯೇ. ಏಳೆಂಟ್ಲ ಎಷ್ಟು ಎಂದರೆ ಬೆರಳು ಮಡಿಸುವ ಮಕ್ಕಳು ಹತ್ತನೆಯ ತರಗತಿಗೆ ಬಂದು ವರ್ಗಸಮೀಕರಣದ ಮುಂದೆ ಕುಳಿತಾಗ ಹೆದರದೆ ಇನ್ನೇನು ಮಾಡುತ್ತಾರೆ? ನಮ್ಮ ಕಾಲದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ಇಪ್ಪತ್ತರವರೆಗೆ ಮಗ್ಗಿ ಹೇಳದೆ ಊಟವಿರಲಿಲ್ಲ. ದಂಡಂ ದಶಗುಣಂ ಎನ್ನುವ ಕಾಲ ಹೋಯಿತು, ಹೋದದ್ದು ಒಳ್ಳೆಯದೇ ಆಯಿತು. ಆದರೆ ಬೆತ್ತದ ಜೊತೆಗೆ ಮಗ್ಗಿಯನ್ನೂ ಕಳಿಸಿಬಿಟ್ಟೆವು. ಮಗುವಿಗೆ ಮೊದಲು ಮಗ್ಗಿ ಗಟ್ಟಿ ಮಾಡಿಸಿ, ಭಯ ತಾನಾಗಿಯೇ ಇಳಿಯುತ್ತದೆ.

ಸಾಧನಕೇರಿ (ಧಾರವಾಡ):

ನಾನು ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತೇನೆ. ತಾಯಿಯವರ ಪ್ರಶ್ನೆಯಲ್ಲಿರುವ ವಿವರಗಳು ಬಹಳ ಬೆಲೆಯುಳ್ಳವು ಎನಿಸಿದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಗಣಿತದ ಆತಂಕವೆಂಬುದು ನಾಜೂಕಿನ ಕಾಲದ ಹೊಸ ಕಲ್ಪನೆಯಲ್ಲ. 1957ರಲ್ಲೇ ಡ್ರೆಗರ್ ಮತ್ತು ಐಕನ್ ಎಂಬ ಅಮೆರಿಕದ ಸಂಶೋಧಕರು ಇದನ್ನು ‘ಸಂಖ್ಯೆಗಳ ಆತಂಕ’ ಎಂದು ಕರೆದು, ಇದು ಸಾಮಾನ್ಯ ಪರೀಕ್ಷಾಭಯಕ್ಕಿಂತ ಬೇರೆಯೇ ಎಂದು ವಾದಿಸಿದರು. 1972ರಲ್ಲಿ ರಿಚರ್ಡ್‌ಸನ್ ಮತ್ತು ಸುಯಿನ್ ಇದನ್ನು ಅಳೆಯಲು 98 ಪ್ರಶ್ನೆಗಳ ಪಟ್ಟಿಯೊಂದನ್ನು ರೂಪಿಸಿದರು. ಆ ಪಟ್ಟಿ ತರಗತಿ, ಪರೀಕ್ಷೆಗಳ ಜೊತೆಗೆ ದಿನಬಳಕೆಯ ಲೆಕ್ಕಗಳ ಮುಂದೆ ಹುಟ್ಟುವ ಕಳವಳವನ್ನೂ ಕೇಳುತ್ತದೆ. ಇದು ಕೆಲವೇ ಮಕ್ಕಳ ಸಮಸ್ಯೆಯೂ ಅಲ್ಲ. ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆಯನ್ನು ಅಳೆಯುವ ಪೀಸಾ ಎಂಬ ಸಮೀಕ್ಷೆ 2012ರಲ್ಲಿ ನಡೆದಾಗ, ಒಇಸಿಡಿ ಎಂಬ, ಬಹುತೇಕ ಶ್ರೀಮಂತ ದೇಶಗಳ ಕೂಟದಲ್ಲಿನ 15 ವರ್ಷದ ಆಸುಪಾಸಿನ ವಿದ್ಯಾರ್ಥಿಗಳಲ್ಲಿ ಸರಾಸರಿ 59 ಶೇಕಡಾ ಮಂದಿ ಗಣಿತದ ತರಗತಿ ಕಷ್ಟವಾದೀತು ಎಂದು ಆಗಾಗ ಚಿಂತಿಸುವುದಾಗಿಯೂ, 33 ಶೇಕಡಾ ಮಂದಿ ಗಣಿತದ ಮನೆಗೆಲಸಕ್ಕೆ ಕುಳಿತಾಗ ಬಹಳ ಉದ್ವಿಗ್ನರಾಗುವುದಾಗಿಯೂ ಹೇಳಿದ್ದರು.

ಈ ಭಯ ಕಲಿಕೆಯನ್ನು ಕೆಡಿಸುವುದು ಎಲ್ಲಿ ಎಂಬುದು ಮುಖ್ಯ. 47ಕ್ಕೆ 38ನ್ನು ಮನಸ್ಸಿನಲ್ಲೇ ಕೂಡಿ ನೋಡಿ. ಏಳು, ಎಂಟು ಸೇರಿ ಹದಿನೈದು. ಐದನ್ನು ಬದಿಗಿಟ್ಟು, ದಶಕ ಒಂದನ್ನು ನೆನಪಿನಲ್ಲಿ ಹಿಡಿದು, ನಾಲ್ಕು ಮತ್ತು ಮೂರನ್ನು ಕೂಡಿ, ಹಿಡಿದಿದ್ದ ಒಂದನ್ನು ಸೇರಿಸಿ, ಬದಿಗಿಟ್ಟ ಐದನ್ನು ಮರಳಿ ತರಬೇಕು. ಹೀಗೆ ನಡುವಿನ ಫಲಿತಾಂಶಗಳನ್ನು ಕ್ಷಣಕಾಲ ಹಿಡಿದಿಡುವ ಸಾಮರ್ಥ್ಯಕ್ಕೆ ನಾವು ಕಾರ್ಯಸ್ಮೃತಿ ಎನ್ನುತ್ತೇವೆ. ಅದು ಅಂಗೈಯಗಲದ ಹಲಗೆಯಿದ್ದಂತೆ, ಹೆಚ್ಚು ಬರೆಯಲು ಜಾಗವಿಲ್ಲ. ಆ ಹಲಗೆಯ ಅರ್ಧವನ್ನು ‘ತಪ್ಪಾದರೆ ಏನು ಗತಿ, ಎಲ್ಲರೂ ನೋಡುತ್ತಿದ್ದಾರೆ’ ಎಂಬ ಬರಹವೇ ತುಂಬಿದ್ದರೆ, ದಶಕವನ್ನು ಬರೆದುಕೊಳ್ಳುವುದು ಎಲ್ಲಿ? 2001ರಲ್ಲಿ ಆಶ್‌ಕ್ರಾಫ್ಟ್ ಮತ್ತು ಕಿರ್ಕ್ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಇದೇ. ಕೆಲವು ಅಕ್ಷರಗಳನ್ನು ನೆನಪಿನಲ್ಲಿ ಇಟ್ಟುಕೊಂಡೇ ಲೆಕ್ಕ ಮಾಡಬೇಕಾಗಿ ಬಂದಾಗ, ಹೆಚ್ಚು ಆತಂಕವುಳ್ಳವರು ತೀವ್ರವಾಗಿ ಎಡವಿದ್ದು ದಶಕ ಸಹಿತ ಸಂಕಲನದಲ್ಲಿ.

ಇನ್ನು ನಿಮ್ಮ ಮಗಳು ಎಲ್ಲರಿಗಿಂತ ಮೊದಲು ಎದ್ದು ಬರುವುದು. ಇದನ್ನು ಉಡಾಫೆಯೆಂದು ತಿಳಿಯಬೇಡಿ. ಆಶ್‌ಕ್ರಾಫ್ಟ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲೇ ಗಮನಿಸಿದ ಸಂಗತಿಯಿದು: ಲೆಕ್ಕ ಕಠಿಣವಾದಂತೆ ಬಹಳ ಹೆದರುವವರಲ್ಲಿ ಕೆಲವರು ನಿಧಾನವಾಗುವ ಬದಲು ಅವಸರ ಮಾಡುತ್ತಾರೆ, ತಪ್ಪುಗಳು ಹೆಚ್ಚಾಗುತ್ತವೆ. ಸರಿ ಮಾಡುವುದಕ್ಕಿಂತ ಆ ಸಂಕಟದಿಂದ ಹೊರಬರುವುದೇ ಅವರಿಗೆ ತುರ್ತಾಗಿರುತ್ತದೆ. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದವನು ಮೆಲ್ಲಗೆ ಇಳಿಸುತ್ತಾನೆಯೇ?

ಹಿಂದಿನ ರಾತ್ರಿಯ ಹೊಟ್ಟೆನೋವನ್ನು ನಾಟಕವೆಂದು ಯಾರಾದರೂ ಅಂದರೆ ನಂಬಬೇಡಿ. ಲಯನ್ಸ್ ಮತ್ತು ಬೈಲಾಕ್ 2012ರಲ್ಲಿ ವಯಸ್ಕರ ಮಿದುಳಿನ ಚಿತ್ರಣ ಮಾಡಿ ನೋಡಿದಾಗ, ಹೆಚ್ಚು ಆತಂಕವುಳ್ಳವರಲ್ಲಿ ನೋವಿನ ಅನುಭವಕ್ಕೆ ಸಂಬಂಧಿಸಿದ ಭಾಗಗಳು ಚುರುಕಾದದ್ದು ‘ಈಗ ಲೆಕ್ಕ ಬರಲಿದೆ’ ಎಂಬ ಸೂಚನೆ ಕಂಡಾಗ. ಲೆಕ್ಕ ಮಾಡುತ್ತಿರುವಾಗ ಹಾಗಾಗಲಿಲ್ಲ. ಮಿದುಳಿನ ಚಿತ್ರಗಳಿಂದ ಬಹಳ ದೊಡ್ಡ ತೀರ್ಮಾನಕ್ಕೆ ಹಾರಬಾರದೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ, ಆದರೂ ಹಿಂದಿನ ರಾತ್ರಿಯೇ ಬರುವ ಹೊಟ್ಟೆನೋವಿನ ಜೊತೆ ಇದು ಹೊಂದುತ್ತದೆ.

ಭಯವೋ ಕೊರತೆಯೋ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಇಂಗ್ಲೆಂಡಿನ ಮಕ್ಕಳ ಮೇಲೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಗಣಿತಾತಂಕವಿದ್ದ ಮಕ್ಕಳ ಪೈಕಿ 77 ಶೇಕಡಾ ಮಂದಿಯ ಸಾಧನೆ ಸಾಮಾನ್ಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇತ್ತು. ಆದ್ದರಿಂದ ಹೆದರುವ ಮಗುವೆಲ್ಲ ದಡ್ಡ ಮಗುವಲ್ಲ. ಮತ್ತೊಂದೆಡೆ, ಅಮೆರಿಕದ ಏಳರಿಂದ ಹನ್ನೆರಡನೆಯ ತರಗತಿಯ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮಾಹಿತಿಯನ್ನು ಮಾ ಮತ್ತು ಶು ಎಂಬ ಸಂಶೋಧಕರು 2004ರಲ್ಲಿ ವಿಶ್ಲೇಷಿಸಿದಾಗ, ಮೊದಲಿನ ಕಡಿಮೆ ಸಾಧನೆ ಮುಂದಿನ ಆತಂಕಕ್ಕೆ ದಾರಿ ಮಾಡುವುದು ಸ್ಪಷ್ಟವಾಗಿ ಕಂಡಿತು. ಆತಂಕದಿಂದ ಸಾಧನೆ ಕುಸಿಯುವುದು ಅಷ್ಟು ಬಲವಾಗಿ ಕಾಣಲಿಲ್ಲ. ಮೇಷ್ಟ್ರ ಮಾತಿನಲ್ಲೂ ಹುರುಳಿದೆ ಎಂದಾಯಿತು. ಎಲ್ಲೋ ಕೆಳಗಿನ ತರಗತಿಯಲ್ಲಿ ಒಂದು ಕಲ್ಲು ಜಾರಿರುತ್ತದೆ, ಅದರ ಮೇಲೆ ಭಯ ಗೋಡೆ ಕಟ್ಟಿಕೊಳ್ಳುತ್ತದೆ.

ಒಂದು ಎಚ್ಚರಿಕೆ: ಸಂಖ್ಯೆಗಳ ಪ್ರಮಾಣವೇ ಗ್ರಹಿಕೆಗೆ ಸಿಗದ ಡಿಸ್‌ಕ್ಯಾಲ್ಕುಲಿಯಾ ಎಂಬ ಕಲಿಕಾ ನ್ಯೂನತೆ ಬೇರೆಯೇ ಇದೆ. ನೀವು ಹೇಳಿದ ಬಾಯಿಲೆಕ್ಕದ ವಿವರ ನೋಡಿದರೆ ನಿಮ್ಮ ಮಗಳಿಗೆ ಅದಿರುವ ಸಾಧ್ಯತೆ ಕಡಿಮೆಯೆನಿಸುತ್ತದೆ. ಅನುಮಾನವಿದ್ದವರು ನಿಮ್ಹಾನ್ಸ್‌ನಂತಹ ಕಡೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಬಹುದು.

ಹಳೆಯ ಮೇಷ್ಟ್ರು (ಮಂಡ್ಯ):

ಹಲಗೆಯ ಹೋಲಿಕೆ ಚೆನ್ನಾಗಿದೆ. ಹಾಗಿದ್ದರೆ ನನ್ನ ಮಗ್ಗಿಯೇ ಗೆದ್ದಿತಲ್ಲ! ಏಳೆಂಟ್ಲ ಐವತ್ತಾರು ಎಂಬುದು ನಾಲಿಗೆಯ ತುದಿಯಲ್ಲಿದ್ದರೆ ಆ ಹಲಗೆಯ ಮೇಲೆ ಅದನ್ನು ಬರೆಯುವ ಅಗತ್ಯವೇ ಇಲ್ಲ, ಜಾಗ ಉಳಿಯುತ್ತದೆ.

ಸಾಧನಕೇರಿ (ಧಾರವಾಡ):

ಖಂಡಿತವಾಗಿ, ಮೇಷ್ಟ್ರೇ. ಮಗ್ಗಿಯನ್ನು ವಿರೋಧಿಸುವವರ ಸಾಲಿನಲ್ಲಿ ನಾನಿಲ್ಲ. ನನ್ನ ಪ್ರಶ್ನೆ ಒಂದೇ: ಮಗ್ಗಿಯನ್ನು ಹೇಗೆ ಹೇಳಿಸುತ್ತಿದ್ದೆವು?

ಕಪ್ಪುಹಲಗೆ (ಯಾದಗಿರಿ ಜಿಲ್ಲೆ):

ಈ ಕೊನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ತಪ್ಪು ಮಾಡಿದವಳು ನಾನೇ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷ, ಪ್ರತಿದಿನ ಮೊದಲ ಅವಧಿಯಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಮಗ್ಗಿ ಹೇಳಿಸುತ್ತಿದ್ದೆ. ತಡವರಿಸಿದವರು ನಿಂತೇ ಇರಬೇಕಿತ್ತು, ಮುಂದಿನವರು ಸರಿಯಾಗಿ ಹೇಳಿದರೆ ಕುಳಿತುಕೊಳ್ಳಬಹುದಿತ್ತು. ಇದರಿಂದ ಮಗ್ಗಿ ಬರುತ್ತಿದ್ದ ಮಕ್ಕಳಿಗೆ ಮತ್ತಷ್ಟು ಚೆನ್ನಾಗಿ ಬಂತು. ಬಾರದಿದ್ದವರು ಕಲಿತದ್ದು ಏನೆಂದರೆ, ನನ್ನ ಕಣ್ಣು ತಪ್ಪಿಸುವುದನ್ನು. ಒಬ್ಬ ಹುಡುಗ ಸರಿಯಾಗಿ ಆ ಅವಧಿಗೇ ನೀರು ಕುಡಿಯಲು ಹೋಗುತ್ತಿದ್ದ. ಆಮೇಲಾಮೇಲೆ ಶಾಲೆಗೇ ತಡವಾಗಿ ಬರತೊಡಗಿದ. ಅವನ ಅಣ್ಣ ಒಂದು ದಿನ ಬಂದು ‘ಅಕ್ಕೋರೇ, ಅವನು ಮನೆಯಲ್ಲಿ ಎಮ್ಮೆಯ ಮುಂದೆ ನಿಂತು ಹದಿನಾರರ ಮಗ್ಗಿ ಹೇಳುತ್ತಾನೆ’ ಎಂದಾಗ ನನಗೆ ಮುಖಕ್ಕೆ ಹೊಡೆದಂತಾಯಿತು. ಎಮ್ಮೆಯ ಮುಂದೆ ಬರುವ ಮಗ್ಗಿ ನನ್ನ ಮುಂದೆ ಬರುವುದಿಲ್ಲವೆಂದರೆ ತೊಡಕು ಮಗ್ಗಿಯದಲ್ಲ.

ಈಗಲೂ ಮಗ್ಗಿ ಹೇಳಿಸುತ್ತೇನೆ, ಮೇಷ್ಟ್ರೇ. ಎಲ್ಲರೂ ಒಟ್ಟಿಗೆ, ರಾಗದಲ್ಲಿ; ಆಮೇಲೆ ಇಬ್ಬಿಬ್ಬರು ಕುಳಿತು ಒಬ್ಬರಿಗೊಬ್ಬರು. ಗಡಿಯಾರ ಹಿಡಿಯುವುದಿಲ್ಲ. ‘ಏಳೆಂಟ್ಲ’ ಮರೆತರೆ ಏಳೇಳ್ಲ ನಲವತ್ತೊಂಬತ್ತಕ್ಕೆ ಇನ್ನೊಂದು ಏಳು ಸೇರಿಸಿಕೊಳ್ಳುವ ದಾರಿಯನ್ನೂ ತೋರಿಸಿರುತ್ತೇನೆ. ಮರೆತಾಗ ಹಿಡಿಯಲು ಒಂದು ಕೊಂಬೆಯಿದೆ ಎಂದು ಗೊತ್ತಾದರೆ ಮಕ್ಕಳು ಬೀಳುವುದಕ್ಕೆ ಅಷ್ಟು ಹೆದರುವುದಿಲ್ಲ.

ಭಿನ್ನರಾಶಿಯ ವಿಷಯವನ್ನೂ ಹೇಳಬೇಕು, ಏಕೆಂದರೆ ನನ್ನ ಅನುಭವದಲ್ಲಿ ಮಕ್ಕಳು ಗಣಿತವನ್ನು ಕೈಬಿಡುವ ಮೊದಲ ತಿರುವು ಅದು. ಐದನೆಯ ತರಗತಿಯಲ್ಲಿ ‘ಕಾಲು ಲೀಟರ್ ಹಾಲಿಗೆ ಅರ್ಧ ಲೀಟರ್ ಸೇರಿಸಿದರೆ ಎಷ್ಟು’ ಎಂದು ಕೇಳಿದರೆ ಇಡೀ ತರಗತಿ ‘ಮುಕ್ಕಾಲು’ ಎನ್ನುತ್ತದೆ. ಅದೇ ಮಕ್ಕಳಿಗೆ 1/4 + 1/2 ಎಂದು ಹಲಗೆಯ ಮೇಲೆ ಬರೆದು ಕೊಟ್ಟರೆ ಹೆಚ್ಚಿನವರು 2/6 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಬಿಟ್ಟರು. ಆರರಲ್ಲಿ ಎರಡು ಎಂದರೆ ಮೂರರಲ್ಲಿ ಒಂದು ಭಾಗ, ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಕಾಲನ್ನು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆಂದು ಒಬ್ಬರಿಗೂ ಅನುಮಾನ ಬರಲಿಲ್ಲ. ಹಲಗೆಯ ಮೇಲಿನ ಲೆಕ್ಕಕ್ಕೂ ಹಾಲಿಗೂ ಸಂಬಂಧವಿದೆ ಎಂಬ ನಂಬಿಕೆಯೇ ಅವರಲ್ಲಿ ಇರಲಿಲ್ಲ. ಮೂರು ಕಾಲು ಸೇರಿ ಮುಕ್ಕಾಲು ಎಂದು ನಮ್ಮ ಮಾತೇ ಹೇಳುತ್ತದೆ. ಅರ್ಧವೆಂದರೆ ಎರಡು ಕಾಲು ಎಂದು ನೆನಪಿಸಿ, ಒಂದು ಕಾಲು ಮತ್ತು ಎರಡು ಕಾಲು ಕೂಡಿಸಿದರೆ ಛೇದ ಸಮ ಮಾಡುವುದು ಏಕೆಂಬುದು ಅಲ್ಲೇ ಬಿಡಿಸಿಕೊಳ್ಳುತ್ತದೆ. ‘ಒನ್ ಬೈ ಫೋರ್’ ಎಂದು ಬಾಯಿಪಾಠ ಮಾಡಿದ ಮಗುವಿಗೆ ಈ ಆಸರೆ ಸಿಗುವುದಿಲ್ಲ. ಕನ್ನಡದಲ್ಲಿ ಎಣಿಸಲು ಕಲಿತು ಒಮ್ಮೆಗೇ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳ ಪುಟ್ಟ ಹಲಗೆಯ ಮೇಲೆ ಭಾಷಾಂತರದ ಕೆಲಸವೂ ಬಂದು ಕೂರುತ್ತದೆ ಎಂಬುದನ್ನು ಪೋಷಕರು ಗಮನಿಸಬೇಕು.

ಕೊನೆಯದಾಗಿ, ನನಗೂ ಗಣಿತವೆಂದರೆ ಅಂಜಿಕೆ ಇತ್ತು. ಆ ದಿನಗಳಲ್ಲಿ ಕಠಿಣ ಲೆಕ್ಕ ಬಂದಾಗ ‘ಇದು ಗಂಡುಹುಡುಗರಿಗೆ ಬೇಗ ಹೊಳೆಯುತ್ತದೆ’ ಎಂದು ನಾನೇ ಎಷ್ಟು ಸಲ ಅಂದಿದ್ದೇನೋ.

ಸಾಧನಕೇರಿ (ಧಾರವಾಡ):

ಅಕ್ಕೋರೇ, ನಿಮ್ಮ ಕೊನೆಯ ಸಾಲು ಬಹಳ ಜನ ಒಪ್ಪಿಕೊಳ್ಳದ ಸತ್ಯ. ಬೈಲಾಕ್ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಒಂದು ಮತ್ತು ಎರಡನೆಯ ತರಗತಿಯ 17 ಶಿಕ್ಷಕಿಯರನ್ನೂ ಅವರ ವಿದ್ಯಾರ್ಥಿಗಳನ್ನೂ ಅಧ್ಯಯನ ಮಾಡಿದರು. ವರ್ಷದ ಆರಂಭದಲ್ಲಿ ಶಿಕ್ಷಕಿಯ ಆತಂಕಕ್ಕೂ ಮಕ್ಕಳ ಗಣಿತಕ್ಕೂ ಸಂಬಂಧವಿರಲಿಲ್ಲ. ವರ್ಷದ ಕೊನೆಗೆ, ಶಿಕ್ಷಕಿ ಹೆಚ್ಚು ಆತಂಕವುಳ್ಳವರಾಗಿದ್ದಷ್ಟೂ ಹೆಣ್ಣುಮಕ್ಕಳು ‘ಹುಡುಗರು ಗಣಿತದಲ್ಲಿ ಜಾಣರು, ಹುಡುಗಿಯರು ಓದುವುದರಲ್ಲಿ’ ಎಂಬ ಮಾತನ್ನು ನಂಬುವ ಸಂಭವ ಹೆಚ್ಚಿತ್ತು, ಹಾಗೆ ನಂಬಿದವರ ಗಣಿತದ ಸಾಧನೆಯೂ ಕುಗ್ಗಿತ್ತು. ಗಂಡುಮಕ್ಕಳ ಮೇಲೆ ಆ ಪರಿಣಾಮ ಕಾಣಲಿಲ್ಲ. 17 ಎಂಬುದು ಚಿಕ್ಕ ಸಂಖ್ಯೆಯೆಂಬುದನ್ನೂ ಹೇಳಿಬಿಡುತ್ತೇನೆ.

ತೋಟದ ಲೆಕ್ಕ (ಶಿರಸಿ):

ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ಫೇಲಾದವನು. ಈಗ ಅಡಿಕೆ ವ್ಯಾಪಾರದಲ್ಲಿದ್ದೇನೆ. ಕ್ವಿಂಟಲ್ ದರದ ಮೇಲೆ ಮೂರು ಕ್ವಿಂಟಲ್ ನಲವತ್ತು ಕೆಜಿಯ ಬೆಲೆ ಹೇಳಲು ನನಗೆ ಕಾಗದ ಬೇಡ. ಪರೀಕ್ಷಾ ಕೊಠಡಿಯಲ್ಲಿ ಬೆವರಿಗೆ ಪೆನ್ನು ಜಾರುತ್ತಿದ್ದ ಕೈ ಇದೇ. ಶಾಲೆಯಲ್ಲಿ ಈ ವ್ಯಾಪಾರದ ಲೆಕ್ಕವನ್ನೇ ಕಲಿಸಿದ್ದರೆ ನಾವೆಲ್ಲ ಪಾಸಾಗುತ್ತಿರಲಿಲ್ಲವೇ?

ಸಾಧನಕೇರಿ (ಧಾರವಾಡ):

ನಿಮ್ಮಂಥವರ ಬಗ್ಗೆ ಪ್ರಸಿದ್ಧ ಅಧ್ಯಯನವೇ ಇದೆ. 1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಗಮನಿಸಿದ ಸಂಶೋಧಕರು, ಗ್ರಾಹಕರಂತೆ ಕೇಳಿದಾಗ ಸುಮಾರು 98 ಶೇಕಡಾ ಸರಿಯುತ್ತರ ಪಡೆದರು. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಶಾಲೆಯ ರೀತಿಯಲ್ಲಿ ಕೊಟ್ಟಾಗ ಸರಿಯಾದದ್ದು ಸುಮಾರು 37 ಶೇಕಡಾ. ದೆಹಲಿ ಮತ್ತು ಕೋಲ್ಕತ್ತಾಗಳ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಆದರೆ ಅದರ ಇನ್ನೊಂದು ಮುಖ ನಿಮ್ಮ ಪ್ರಶ್ನೆಗೆ ಉತ್ತರವಾಗಬಹುದು. ಶಾಲೆಗೆ ಹೋಗುವ, ವ್ಯಾಪಾರ ಮಾಡದ ಮಕ್ಕಳು ಪುಸ್ತಕದ ಲೆಕ್ಕವನ್ನು ಹೆಚ್ಚು ಚೆನ್ನಾಗಿ ಮಾಡಿದರು, ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಒಂದು ಕಡೆಯ ಜಾಣ್ಮೆ ತಾನಾಗಿ ಇನ್ನೊಂದು ಕಡೆಗೆ ನಡೆದುಹೋಗುವುದಿಲ್ಲ. ಅಂಗಡಿಯ ಲೆಕ್ಕ ಕಲಿಸಿಬಿಟ್ಟರೆ ಬೀಜಗಣಿತ ಬರುವುದಿಲ್ಲ. ಅಕ್ಕೋರು ಹಾಲಿನಿಂದ ಛೇದಕ್ಕೆ ಕಟ್ಟಿದ ಸೇತುವೆಯನ್ನು ಯಾರಾದರೂ ಪ್ರತಿ ಪಾಠಕ್ಕೂ ಕಟ್ಟಬೇಕಾಗುತ್ತದೆ.

ಬೆಣ್ಣೆನಗರಿ (ದಾವಣಗೆರೆ):

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಹಾಗಾದರೆ ನಾನು ರಾತ್ರಿ ಹೇಳಿಕೊಡುವುದನ್ನು ನಿಲ್ಲಿಸಬೇಕೇ? ಪರೀಕ್ಷೆಗೆ ಮುಂಚೆ ಭಯವನ್ನೆಲ್ಲ ಕಾಗದದ ಮೇಲೆ ಬರೆದರೆ ಹಗುರವಾಗುತ್ತದೆಂದು ಎಲ್ಲೋ ಓದಿದ್ದೆ, ಅದು ನಿಜವೇ?

ಸಾಧನಕೇರಿ (ಧಾರವಾಡ):

ಬರೆಯುವ ಪ್ರಯೋಗ 2011ರಲ್ಲಿ ಬಹಳ ಹೆಸರು ಮಾಡಿತು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಭಯದ ಬಗ್ಗೆ ಬರೆದವರು ಹೆಚ್ಚು ಅಂಕ ಪಡೆದರು ಎಂಬುದು ಅದರ ಸಾರ. 2018ರಲ್ಲಿ ಬೇರೆಯವರು ದೊಡ್ಡ ಗುಂಪಿನ ಮೇಲೆ ಮತ್ತೆ ಮಾಡಿದಾಗ ಅದೇ ಫಲ ಸಿಗಲಿಲ್ಲ. ಮಗಳಿಗೆ ಇಷ್ಟವಾದರೆ ಬರೆಯಲಿ, ಅದರ ಮೇಲೆ ಭಾರ ಹಾಕಬೇಡಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಮಲೋನಿ ಮತ್ತು ಸಂಗಡಿಗರ 2015ರ ಅಧ್ಯಯನದ ಪ್ರಕಾರ, ಗಣಿತದ ಆತಂಕವುಳ್ಳ ತಂದೆತಾಯಿ ಪದೇ ಪದೇ ಮನೆಗೆಲಸಕ್ಕೆ ಸಹಾಯ ಮಾಡಿದಾಗ ಮಕ್ಕಳು ಆ ವರ್ಷ ಕಡಿಮೆ ಕಲಿತರು, ಅವರ ಭಯವೂ ಹೆಚ್ಚಿತು. ಅಂಥವರು ಹೆಚ್ಚು ಸಹಾಯ ಮಾಡದಿದ್ದ ಮನೆಗಳಲ್ಲಿ ಈ ಪರಿಣಾಮ ಇರಲಿಲ್ಲ. ನೀವು ಪಕ್ಕದಲ್ಲಿ ಕೂರಬಾರದು ಎಂದು ನಾನು ಇದನ್ನು ಓದುವುದಿಲ್ಲ. ನೀವು ಗುರುವಾಗಿ ಕೂರುವುದನ್ನು ಬಿಡಿ. ‘ಇದು ನನಗೂ ಗೊತ್ತಿಲ್ಲ, ನೀನು ಹೇಗೆ ಮಾಡಿದೆ ಹೇಳು’ ಎಂದು ಕೇಳಿ, ಅವಳು ಹೇಳುವಾಗ ನಡುವೆ ತಿದ್ದದೆ ಕೇಳಿಸಿಕೊಳ್ಳಿ. ತಪ್ಪು ಎಲ್ಲಿ ಹುಟ್ಟುತ್ತಿದೆಯೆಂದು ಆಗ ಕಾಣುತ್ತದೆ.

ಕಲಿಸುವುದು ಮಾತ್ರ ಮತ್ತೊಬ್ಬರಿಂದ ಆಗಲಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2015ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ಮೂರನೆಯ ತರಗತಿಯ ಮಕ್ಕಳಿಗೆ ಎಂಟು ವಾರ ಒಬ್ಬರಿಗೊಬ್ಬರಂತೆ ಗಣಿತ ಹೇಳಿಕೊಟ್ಟಾಗ, ಹೆಚ್ಚು ಹೆದರುತ್ತಿದ್ದವರ ಆತಂಕ ಇಳಿಯಿತು. ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಅತಿ ಚಟುವಟಿಕೆಯೂ ತಗ್ಗಿತು. ಅವರಿಗೆ ಧೈರ್ಯದ ಉಪನ್ಯಾಸ ಕೊಟ್ಟಿರಲಿಲ್ಲ, ಲೆಕ್ಕವನ್ನೇ ಕಲಿಸಿದ್ದರು.

ಹಳೆಯ ಮೇಷ್ಟ್ರು (ಮಂಡ್ಯ):

ತಾಯಿ, ಒಂದು ಕೆಲಸ ಮಾಡಿ. ನಾಲ್ಕನೆಯ ತರಗತಿಯ ಮಟ್ಟದ ಹತ್ತು ಲೆಕ್ಕ ಬರೆದು ಕೊಡಿ, ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲವೂ ಇರಲಿ. ಒಂದರಲ್ಲಿ ನಡುವೆ ಸೊನ್ನೆಯಿರುವ ಸಂಖ್ಯೆಯಿಂದ ಕಳೆಯುವುದಿರಲಿ. ಹೊತ್ತಿನ ಮಿತಿ ಬೇಡ, ಅಂಕ ಹಾಕಬೇಡಿ. ಬರೆದದ್ದನ್ನು ಅಳಿಸಬಾರದೆಂದು ಮಾತ್ರ ಹೇಳಿ. ನಾನು ಸೇವೆಯಲ್ಲಿದ್ದಾಗ ಎಂಟನೆಯ ತರಗತಿಗೆ ಹೊಸದಾಗಿ ಬಂದವರಿಗೆಲ್ಲ ಇದನ್ನು ಮಾಡಿಸುತ್ತಿದ್ದೆ. ಆದರೆ ತರಗತಿಯ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅದು ಬೇಕಿರಲಿಲ್ಲ ಎಂದು ಮೇಲಿನ ಎಮ್ಮೆಯ ಕಥೆ ಓದಿದ ಮೇಲೆ ಅನಿಸುತ್ತಿದೆ.

ಬೆಣ್ಣೆನಗರಿ (ದಾವಣಗೆರೆ):

ಎರಡು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ ಹತ್ತು ಲೆಕ್ಕಗಳಲ್ಲಿ ಎಂಟು ಸರಿಯಿದ್ದವು. 503ರಿಂದ 287ನ್ನು ಕಳೆಯುವಲ್ಲಿ 384 ಎಂದು ಬರೆದಿದ್ದಳು. ‘ಹೇಗೆ ಮಾಡಿದೆ ಹೇಳು’ ಎಂದು ಕೇಳಿದೆ. ಮೂರರಿಂದ ಏಳು ಹೋಗುವುದಿಲ್ಲ, ಪಕ್ಕದಲ್ಲಿ ಸೊನ್ನೆಯಿದೆ, ಸೊನ್ನೆಯಿಂದ ಸಾಲ ತರುವುದು ಹೇಗೆಂದು ಯಾವತ್ತೂ ತಿಳಿದಿರಲಿಲ್ಲ, ಅದಕ್ಕೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಡುತ್ತೇನೆ ಎಂದಳು. ಮೂರನೆಯ ತರಗತಿಯಲ್ಲಿ ಒಮ್ಮೆ ಕೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರಂತೆ. ಆಮೇಲೆ ಕೇಳಲಿಲ್ಲವಂತೆ. ಈ ವರ್ಷ ಪೂರ್ಣಾಂಕಗಳ ಪಾಠದಲ್ಲಿ ಚಿಕ್ಕದರಿಂದ ದೊಡ್ಡದನ್ನು ಕಳೆಯಬೇಕಾಗಿ ಬಂದಾಗ ಇಡೀ ಪಾಠವೇ ಅವಳಿಗೆ ಮುಚ್ಚಿಹೋಗಿತ್ತು.

ಪಕ್ಕದ ಬೀದಿಯ ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ವಾರಕ್ಕೆ ಮೂರು ದಿನ ಬಂದು ಹೇಳಿಕೊಡುತ್ತಿದ್ದಾಳೆ. ಐನೂರು ಮೂರು ರೂಪಾಯಿಯ ಚಿಲ್ಲರೆ ಮಾಡಿಸಿ, ನೂರರ ಒಂದು ನೋಟನ್ನು ಹತ್ತರ ನೋಟುಗಳನ್ನಾಗಿ ಮುರಿಸಿ ತೋರಿಸಿದಳು. ಅವತ್ತೇ ಅರ್ಥವಾಯಿತು.

ಮೊನ್ನೆ 25 ಅಂಕಗಳ ಕಿರುಪರೀಕ್ಷೆಯಲ್ಲಿ 14 ಬಂದಿದೆ, ಹಿಂದಿನ ಸಲ 9 ಬಂದಿತ್ತು. ಮಾಡಿದ ಲೆಕ್ಕಗಳಲ್ಲಿ ಒಂದನ್ನು ಬಿಟ್ಟರೆ ಎಲ್ಲವೂ ಸರಿ. ಕೊನೆಯ ಎರಡು ದೊಡ್ಡ ಲೆಕ್ಕಗಳನ್ನು ಹೊತ್ತು ಸಾಲದೆ ಬಿಟ್ಟು ಬಂದಿದ್ದಾಳೆ. ಗಂಟೆ ಹೊಡೆಯುವವರೆಗೂ ಕುಳಿತಿದ್ದಳಂತೆ. ಹೊಟ್ಟೆನೋವು ಹಿಂದಿನ ರಾತ್ರಿ ಬಂದಿತ್ತು, ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಹೋದಳು. ಈಗ ಶಾಲೆಯಿಂದ ಹೊಸ ದೂರು: ‘ತುಂಬಾ ನಿಧಾನ’.

ಹಳೆಯ ಮೇಷ್ಟ್ರು (ಮಂಡ್ಯ):

ನಿಧಾನವಾಗಲಿ, ತಾಯಿ. ಓಡಿಹೋಗುತ್ತಿದ್ದವಳು ಕುಳಿತಳಲ್ಲ. ಎಸ್ಸೆಸ್ಸೆಲ್ಸಿಗೆ ಇನ್ನೂ ಮೂರು ವರ್ಷವಿದೆ, ವೇಗವನ್ನು ಆಗ ನೋಡಿಕೊಳ್ಳೋಣ. ಆ ಹತ್ತು ಲೆಕ್ಕಗಳಲ್ಲಿ ಇನ್ನೊಂದು ತಪ್ಪು ಯಾವುದೆಂದು ನೀವು ಬರೆಯಲಿಲ್ಲ, ಅದನ್ನೂ ಕಳಿಸಿ. ಜೊತೆಗೆ 1002ರಿಂದ 468ನ್ನು ಕಳೆಯಲು ಕೊಟ್ಟು ನೋಡಿ, ಎರಡು ಸೊನ್ನೆ ಒಟ್ಟಿಗೆ ಬಂದಾಗ ಏನು ಮಾಡುತ್ತಾಳೆಂದು ತಿಳಿಯಬೇಕು.